ಅಡಿಕೆಗೆ ಹೋದ ಮಾನ

ಇತಿಹಾಸಕಾರನ ನಡತೆ ಬೇರೆ, ಬರಹ ಬೇರೆ ಎಂಬ ಮಾತನ್ನು ವಿಮರ್ಶೆ ಅತಿ ಉದಾರವಾಗಿ ಒಪ್ಪಿಕೊಂಡಿದೆ. ವಿಯೆಟ್ನಾಂ ಯುದ್ಧದಲ್ಲಿದ್ದೆನೆಂದು ತರಗತಿಯಲ್ಲಿ ಹೇಳಿಕೊಂಡ ಜೋಸೆಫ್ ಎಲಿಸ್ 2001ರಲ್ಲಿ ಸಿಕ್ಕಿಬಿದ್ದರು. ಅವರ ಪುಸ್ತಕಗಳು ಉಳಿದವು. ಅದು ನ್ಯಾಯವೇ. ಆ ಸುಳ್ಳು ಪುಸ್ತಕದೊಳಕ್ಕೆ ನುಸುಳಿರಲಿಲ್ಲ, ಅವರ ಆಧಾರಗಳನ್ನು ಬೇರೆಯವರು ತೆರೆದು ನೋಡಬಹುದಿತ್ತು. ಆದರೆ ಅದೇ ಔದಾರ್ಯವನ್ನು ಮೈಕೆಲ್ ಬೆಲೆಸೈಲ್ಸ್ ಅವರಿಗೂ ಚಾಚಿ, 'ಆರ್ಮಿಂಗ್ ಅಮೆರಿಕಾ' (2000) ಒಂದು ಕೋಷ್ಟಕದ ತಪ್ಪಿಗೆ ಬಲಿಯಾದ ದೊಡ್ಡ ಕೃತಿ ಎಂದು ಮರುಗುವುದು ನನಗೆ ಒಪ್ಪಿಗೆಯಿಲ್ಲ.

ಕೃತಿಯ ವಾದ ಗೊತ್ತಿರುವುದೇ: ಆರಂಭದ ಅಮೆರಿಕದಲ್ಲಿ ಬಂದೂಕು ಅಪರೂಪ, ಅದರ ವ್ಯಾಮೋಹ ಹತ್ತೊಂಬತ್ತನೆಯ ಶತಮಾನದ ಬೆಳೆ. ಸಾಕ್ಷಿ, ಸತ್ತವರ ಆಸ್ತಿಪಟ್ಟಿಗಳು. 1765ರಿಂದ 1790ರವರೆಗಿನ ಗಡಿನಾಡಿನ ಪಟ್ಟಿಗಳಲ್ಲಿ ಬಂದೂಕಿದ್ದದ್ದು ಶೇ. 14ರ ಆಸುಪಾಸು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕೆಟ್ಟವು ಎನ್ನುತ್ತಾರೆ ಲೇಖಕರು. ಈಗ ಮೊದಲ ಕೋಷ್ಟಕವನ್ನು ನೋಡಿ. ಸಾಲುಸಾಲಾಗಿ ಶೇಕಡಾವಾರು ಇದೆ. ಯಾವ ಪ್ರಾಂತದ, ಯಾವ ಕಾಲದ ಎಷ್ಟು ಪಟ್ಟಿ ಓದಿದರು ಎಂಬ ಸಂಖ್ಯೆ ಇಲ್ಲ. ಕೊಟ್ಟ ಅಂಕಿಗಳಿಂದ ಕೊಟ್ಟ ರಾಷ್ಟ್ರೀಯ ಸರಾಸರಿ ಬರುವುದೇ ಅಸಾಧ್ಯ ಎಂದು ಕಾನೂನು ಪ್ರಾಧ್ಯಾಪಕ ಜೇಮ್ಸ್ ಲಿಂಡ್‌ಗ್ರೆನ್ ಲೆಕ್ಕ ಹಾಕಿ ತೋರಿಸಿದರು. ಇದನ್ನು ಅಜಾಗರೂಕತೆ ಎನ್ನೋಣ. ಆದರೆ 1774ರಿಂದ 1776ರವರೆಗಿನ ಪಟ್ಟಿಗಳು ಆ ಲೆಕ್ಕದಲ್ಲೇ ಇಲ್ಲ, ಬಿಟ್ಟಿರುವುದಾಗಿ ಓದುಗನಿಗೆ ಹೇಳಿಯೂ ಇಲ್ಲ. ಆಲಿಸ್ ಹ್ಯಾನ್ಸನ್ ಜೋನ್ಸ್ ಕಲೆಹಾಕಿದ ಹೆಸರಾಂತ ದತ್ತಾಂಶ 1774ರದ್ದೇ, ಅದರಲ್ಲಿ ಅರ್ಧಕ್ಕೂ ಹೆಚ್ಚು ಪಟ್ಟಿಗಳಲ್ಲಿ ಬಂದೂಕಿದೆ. ಸ್ವಾತಂತ್ರ್ಯ ಯುದ್ಧದ ಹೊತ್ತಿನ ಅಂಕಿ ಅಸಹಜ ಎಂಬ ಸಮಜಾಯಿಷಿಯನ್ನು ಒಪ್ಪಿದರೂ, ಅದನ್ನು ಹೇಳಲು ಬೇಕಿದ್ದದ್ದು ಒಂದು ಸಾಲಿನ ಅಡಿಟಿಪ್ಪಣಿ. ಸಾವಿರಾರು ಪಟ್ಟಿಗಳನ್ನು ಬೆಲೆಸೈಲ್ಸ್ ಎಣಿಸಿದ್ದು ಹಳದಿ ಹಾಳೆಗಳ ಮೇಲೆ, ಪೆನ್ಸಿಲ್ ಗೀಟು ಹಾಕುತ್ತ. ಆ ಹಾಳೆಗಳು 2000ದಲ್ಲಿ ಕಚೇರಿಗೆ ನೀರು ನುಗ್ಗಿ ಹಾಳಾದವೆಂದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಓದಿದ್ದಾಗಿ ಹೇಳಿದ ದಾಖಲೆಗಳು 1906ರ ಭೂಕಂಪದ ಬೆಂಕಿಯಲ್ಲೇ ಸುಟ್ಟಿದ್ದವು. ಪೆನ್ಸಿಲ್ ಗೀಟು ಎಳೆಯುವ ಹೊತ್ತಿಗೆ ಇತಿಹಾಸಕಾರನ ಪಕ್ಕದಲ್ಲಿ ಇನ್ನೊಬ್ಬರಿರುವುದಿಲ್ಲ. ನಡತೆಯೂ ವಿದ್ವತ್ತೂ ಅಲ್ಲಿ ಒಂದೇ ಆಗುತ್ತವೆ. ಆ ಗೀಟು ನಂಬಲರ್ಹವಲ್ಲವಾದರೆ ಉಳಿದ ಪುಟಗಳ ಸೊಗಸಿನಿಂದ ಅದನ್ನು ತುಂಬಿಕೊಳ್ಳಲಾಗದು.

ಕೋಷ್ಟಕ ಪುಸ್ತಕದ ಸಣ್ಣ ಭಾಗ ಎನ್ನುವುದು ನಿಜ. ಆದರೆ ಮಿಲಿಶಿಯಾ ಅಧಿಕಾರಿಗಳ ದೂರು, ಪ್ರವಾಸಿಗಳ ಮಾತು ಇವೆಲ್ಲ ಹಿಂದೆಯೂ ಇದ್ದವು. ಪುಸ್ತಕವನ್ನು ಸುದ್ದಿಯಾಗಿಸಿದ್ದು ಆ ಅಂಕಿಗಳೇ. ಟೀಕಾಕಾರರೆಲ್ಲ ಬಂದೂಕು ಲಾಬಿಯ ಕಡೆಯವರು ಎಂಬ ಆಕ್ಷೇಪ ಇನ್ನೂ ದುರ್ಬಲ. ಬೆಲೆಸೈಲ್ಸ್ ಅವರಿಗೆ ಬೆದರಿಕೆಗಳು ಬಂದದ್ದು ಹೇಯ, ಅದನ್ನು ಅಮೆರಿಕದ ಇತಿಹಾಸಕಾರರ ಸಂಘ ಖಂಡಿಸಿದ್ದೂ ಸರಿ. ಆದರೆ ಹಗೆಯವನು ಕೂಡಿದರೂ ಎರಡಕ್ಕೆರಡು ನಾಲ್ಕೇ. ಮೊದಲು ಅನುಮಾನಿಸಿದ ಕ್ಲೇಟನ್ ಕ್ರೇಮರ್ ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಬಂದೂಕಿನ ಹಕ್ಕಿನ ಪರವಾದವರು ಕೂಡ. ಅವರು ಮಾಡಿದ್ದಿಷ್ಟೆ, ಉಲ್ಲೇಖಿಸಿದ ಮೂಲಗಳನ್ನು ತೆಗೆದು ಓದಿದ್ದು. ಗ್ಯಾರಿ ವಿಲ್ಸ್, ಎಡ್ಮಂಡ್ ಮಾರ್ಗನ್ ಅವರಂಥ ಘಟಾನುಘಟಿಗಳು ಹೊಗಳುವ ಮೊದಲು ಅದನ್ನು ಮಾಡಲಿಲ್ಲ. ತಮಗೆ ಹಿಡಿಸುವ ತೀರ್ಮಾನ ಕಂಡೊಡನೆ ವಿಮರ್ಶಕನ ಕೈ ಕಪಾಟಿನ ಕಡೆ ಹೋಗುವುದಿಲ್ಲ. ಈ ಹಗರಣದಲ್ಲಿ ನನಗೆ ಬೆಲೆಸೈಲ್ಸ್‌ಗಿಂತ ಹೆಚ್ಚು ಕಸಿವಿಸಿ ತರುವುದು ಇದೇ.

ಬೆಲೆಸೈಲ್ಸ್ ಕಲಿಸುತ್ತಿದ್ದ ಎಮೊರಿ ವಿಶ್ವವಿದ್ಯಾಲಯ ನೇಮಿಸಿದ ಸಮಿತಿ 2002ರಲ್ಲಿ ಅವರ ವಿದ್ವತ್ಪ್ರಾಮಾಣಿಕತೆಯನ್ನೇ ಪ್ರಶ್ನಿಸಿತು. ಏನನ್ನೂ ಕಟ್ಟಿ ಹೇಳಿಲ್ಲ ಎನ್ನುತ್ತಲೇ ಅವರು ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಈ ಕೃತಿಗೆ ತಾನು ಕೊಟ್ಟಿದ್ದ ಬ್ಯಾಂಕ್ರಾಫ್ಟ್ ಪ್ರಶಸ್ತಿಯನ್ನು ಹಿಂತೆಗೆದುಕೊಂಡಿತು, ಆ ಪ್ರಶಸ್ತಿಯ ಚರಿತ್ರೆಯಲ್ಲಿ ಮೊದಲ ಸಲ. ತಾನು ಮೋಸಹೋದೆನೆಂದು ವಿಲ್ಸ್ ಆಮೇಲೆ ಬಹಿರಂಗವಾಗಿ ಒಪ್ಪಿದರು. ಹೊಗಳಿದವರಲ್ಲಿ ಅಷ್ಟು ಹೇಳುವ ಸೌಜನ್ಯ ಎಲ್ಲರಿಗೂ ಇರಲಿಲ್ಲ.