ಕುಂಬಳಕಾಯಿ ಕಳ್ಳ ಅಂದವರು ಯಾರು?

ಕಾವ್ಯಮೀಮಾಂಸೆ ಓದಿದ ಎಲ್ಲರಿಗೂ ಗಂಗೆಯ ಮೇಲಿನ ಗೊಲ್ಲರ ಹಟ್ಟಿ ಗೊತ್ತು. ನೀರಿನ ಮೇಲೆ ಹಟ್ಟಿ ನಿಲ್ಲೋದಿಲ್ಲ, ದಡದ ಮೇಲೆ ಅಂತ ಅರ್ಥ. ಆದರೆ ದಡ ಅನ್ನದೆ ಗಂಗೆ ಅಂದದ್ದರಿಂದ ತಂಪು, ಪಾವನ ಎಲ್ಲ ತಾನಾಗಿ ಹೊಳೆಯುತ್ತೆ. ಇದು ವ್ಯಂಗ್ಯಾರ್ಥ. ಹೀಗೆ ಹೇಳದೆ ಹೇಳುವ ಧ್ವನಿಯೇ ಕಾವ್ಯದ ಆತ್ಮ ಅಂತ 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ವಾದಿಸಿದ. ನಾವೂ ಬಾಯಿಪಾಠ ಮಾಡಿ ಪಾಸಾದೆವು.

ಪಾಸಾಗಿ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಕೂತ ಮೇಲೆ ಧ್ವನಿಯ ಎರಡನೇ ಪಾಠ ಶುರುವಾಯಿತು. ‘ನಿಮ್ಮದು ಯಾವೂರು ಸಾರ್?’ ಹೇಳಿದೆ. ‘ಊರೊಳಗೆ ಎಲ್ಲಿ?’ ಅದನ್ನೂ ಹೇಳಿದೆ. ‘ಓಹೋ, ಬಿಡಿ, ನಿಮ್ಮದೇ ಕಾಲ ಈಗ.’ ಇನ್ನೊಬ್ಬರು ಪೇಪರು ಮಡಚದೆಯೇ, ‘ಮೆರಿಟ್ಟು ಅನ್ನೋದು ಎಲ್ಲಿ ಉಳಿದಿದೆ ಸ್ವಾಮಿ’ ಅಂದರು. ಕಣ್ಣು ಪೇಪರಿನ ಮೇಲೆ, ಮಾತು ನನ್ನ ಮೇಲೆ. ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಜಾತಿಯ ಹೆಸರು ಒಂದು ಸಲವೂ ಬರಲಿಲ್ಲ.

ಧ್ವನಿಗೆ ಸಹೃದಯ ಬೇಕು ಅನ್ನುತ್ತಾರೆ. ಇಲ್ಲಿ ಸಹೃದಯರಿಗೆ ಕೊರತೆಯೇ ಇಲ್ಲ. ಅವರನ್ನು ತಯಾರು ಮಾಡಿದ್ದು ಜಾತಿ. ಹುಟ್ಟಿನಿಂದ ಒಂದೇ ನಿಘಂಟು ಇಟ್ಟುಕೊಂಡವರಿಗೆ ಪೂರ್ತಿ ವಾಕ್ಯ ಬೇಕಾಗೋದಿಲ್ಲ.

‘ಯಾಕೆ ಹಾಗಂದ್ರಿ?’ ಅಂತ ಕೇಳಿದರೆ ಗಾದೆ ಸಿದ್ಧವಾಗಿರುತ್ತೆ: ‘ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?’ ಅಂದವನು ಪಾರು, ಅನ್ನಿಸಿಕೊಂಡವನೇ ಕಳ್ಳ. ಕೊಂಕುಮಾತಿನ ಅಸಲು ಕಸುಬು ಇದು. ಬೈಗುಳದ ಕೊನೆಯ ಅಕ್ಷರವನ್ನು ಬೈಸಿಕೊಂಡವನ ಮನಸ್ಸಿನಲ್ಲೇ ಬರೆಸಿ, ಆಮೇಲೆ ‘ಇದು ನಿನ್ನದೇ ಕೈಬರಹ’ ಅನ್ನುತ್ತೆ.

ಕಾನೂನಿಗೂ ಇದು ಸಿಕ್ಕೋದು ಕಷ್ಟ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾದಾಗ, ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದನ್ನು ಪ್ರತ್ಯೇಕ ಅಪರಾಧವಾಗಿ ಬರೆದರು. ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಯೊಳಗೆ ಆಡಿದ ಮಾತು ಇದಕ್ಕೆ ಬರೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಯಿದೆ ನಮಗೆ ಬೇಕೇ ಬೇಕು. ಆದರೆ ಬೈಯುವವನೂ ಅದನ್ನು ಓದಿಕೊಂಡಿದ್ದಾನೆ. ಹೆಸರು ಬಿಟ್ಟ, ಕೊಂಕು ಹಿಡಿದ. ದೂರಿನಲ್ಲಿ ಒಂದು ನಗುವನ್ನು ಹೇಗೆ ಬರೆಸೋದು?

ಇದರ ಎದುರಿಗೆ 1973 ಇಟ್ಟು ನೋಡಿ. ಆ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮರೆ ಇಲ್ಲ, ಸುತ್ತುಬಳಸು ಇಲ್ಲ. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ನೇರ ಮಾತಿಗೆ ದಂಡ, ಕೊಂಕು ಮಾತಿಗೆ ನಗು. ನಮ್ಮ ಸಾರ್ವಜನಿಕ ಸಭ್ಯತೆ ಅನ್ನೋದರ ಲೆಕ್ಕಾಚಾರ ಇಷ್ಟು.

ಹಾಗಾದರೆ ನಮ್ಮವರು ಕೊಂಕು ಆಡಲೇ ಇಲ್ಲವೆ? ಆಡಿದ್ದಾರೆ. ಕಳೆ ಕೀಳುವ ಹೆಂಗಸರು ಎತ್ತಿಗೆ ಬೈದ ಹಾಗೆ ಮಾಡಿ ಬದುವಿನ ಮೇಲೆ ನಿಂತ ಗೌಡನಿಗೆ ಬೈಯುತ್ತಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ನೇರ ಅಂದಿದ್ದರೆ ಆ ಹೆಂಗಸರಿಗೆ ಕೂಲಿ ಹೋಗುತ್ತಿತ್ತು, ಏಟೂ ಬೀಳುತ್ತಿತ್ತು. ಸ್ಟಾಫ್ ರೂಮಿನವನಿಗೆ ಹೋಗೋದು ಮರ್ಯಾದಸ್ಥ ಅನ್ನೋ ಹೆಸರು ಮಾತ್ರ. ಒಂದು ಕೊಂಕು ಜೀವ ಕಾಯುತ್ತೆ, ಇನ್ನೊಂದು ಮುಖವಾಡ ಕಾಯುತ್ತೆ.

ಇಷ್ಟು ಹೇಳಿ ನಮ್ಮ ಸಭೆಗಳನ್ನು ಬಿಟ್ಟರೆ ಅಪ್ರಾಮಾಣಿಕತೆ. ಹೆಣ್ಣುಮಗಳೊಬ್ಬಳು ಮೈಕಿನ ಮುಂದೆ ನಿಂತಾಗ ‘ಇವಳನ್ನ ಬೆಳೆಸಿದ್ದು ಯಾರು ಗೊತ್ತಲ್ಲ’ ಅಂತ ಹಿಂದಿನ ಸಾಲಿನಿಂದ ಬರುತ್ತೆ. ಒಳಮೀಸಲಾತಿ ಮಾತು ಎದ್ದರೆ ‘ಆ ಕಡೆಯೋರು ಅಲ್ವಾ’ ಅಂತ ಬರುತ್ತೆ. ಅದು ಸ್ಟಾಫ್ ರೂಮಿನದೇ ನಗು.

1994ರಲ್ಲಿ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟರು. ಮೀಸಲಾತಿ ಪಡೆದವರ ಬೆನ್ನ ಹಿಂದೆ ಆಡುವ ಚುಚ್ಚುಮಾತನ್ನು ರಕ್ಷಾಪುಟದ ಮೇಲೆ ಅಚ್ಚು ಹಾಕಿಸಿದರು. ಅಂಗಡಿಯಲ್ಲಿ ಆ ಪುಸ್ತಕ ಕೇಳಬೇಕಾದರೆ ಆ ಮಾತನ್ನು ಬಾಯಿಬಿಟ್ಟು ಆಡಲೇಬೇಕು. ಪಿಸುಮಾತು ಗಟ್ಟಿಯಾದ ಕೂಡಲೆ ಅದರ ವಿಷ ಅರ್ಧ ಇಳಿಯುತ್ತೆ.

ದಲಿತ ವಿಮರ್ಶೆಯ ಕೆಲಸವೂ ಇದೇ ಅಂದುಕೊಂಡಿದ್ದೇನೆ. ಕಥೆಯಲ್ಲಿರಲಿ, ಕಚೇರಿಯಲ್ಲಿರಲಿ, ವೇದಿಕೆಯಲ್ಲಿರಲಿ, ಹೇಳದೆ ಬಿಟ್ಟ ಪದವನ್ನು ಹೇಳಿದವನ ಬಾಯಿಂದಲೇ ಹೊರಡಿಸಬೇಕು. ಪದ್ಯದ ಭಾವಾರ್ಥ ಬಿಡಿಸಿ ಬರೆಯಿರಿ ಅಂತ ಸ್ಕೂಲಿನಿಂದಲೂ ನಮ್ಮನ್ನ ಕೇಳುತ್ತ ಬಂದರು. ಈಗ ನಾವು ಕೇಳೋಣ. ಹೆಗಲು ಮುಟ್ಟಿಕೊಳ್ಳದೆ, ದನಿ ಏರಿಸದೆ, ಎಲ್ಲರ ಎದುರಿಗೆ: ‘ಅರ್ಥ ಆಗ್ಲಿಲ್ಲ ಸಾರ್, ಸ್ವಲ್ಪ ಬಿಡಿಸಿ ಹೇಳಿ.’