ನೀರು ಇಳಿಯುವ ದಿಕ್ಕಿಗೆ

ಬೆಂಗಳೂರಿನ ಸೈಕಲ್ ಮಂದಿಗೆ ಭಾನುವಾರ ಎಂದರೆ ನಂದಿಬೆಟ್ಟ. ನಸುಕಿಗೇ ಎದ್ದು, ಏರ್‌ಪೋರ್ಟ್ ರಸ್ತೆಯ ಡಾಂಬರಿನ ಮೇಲೆ ಸಾಲುಹಿಡಿದು ಹೋಗಿ, ಬೆಟ್ಟ ಹತ್ತಿ, ಫೋಟೊ ತೆಗೆದು ಇಳಿಯುವುದು. ನನಗೆ ಅದರ ಮೇಲೆ ಸಿಟ್ಟೇನೂ ಇಲ್ಲ. ಆದರೆ ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಮನೆ ಇಟ್ಟುಕೊಂಡು, ಕತ್ತಲಲ್ಲೇ ಹೆಬ್ಬಾಳದ ಫ್ಲೈಓವರಿನತ್ತ ತುಳಿಯುವವರನ್ನು ಕಂಡಾಗ ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನೆನಪಾಗುತ್ತದೆ. ಗ್ರಾವೆಲ್ ಬೈಕಿಗೆ, ಅಂದರೆ ಬಾಗಿದ ಹ್ಯಾಂಡಲ್ ಮತ್ತು ದಪ್ಪ ಟೈರಿನ, ಮಣ್ಣು-ಜಲ್ಲಿಗೆಂದೇ ಮಾಡಿದ ಸೈಕಲ್ಲಿಗೆ, ಈ ನಗರದ ಸುತ್ತ ಇರುವ ಒಳ್ಳೆಯ ನೆಲ ಪಶ್ಚಿಮದ್ದು. ಅದನ್ನು ಹುಡುಕಲು ಮೊಬೈಲಿನ ನಕ್ಷೆಗಿಂತ ಮಳೆನೀರಿನ ದಾರಿ ಹೆಚ್ಚು ಸಹಾಯ ಮಾಡುತ್ತದೆ.

ಬೆಂಗಳೂರು ಸೂರಿನ ಏಣಿನ ಮೇಲೆ ಕೂತ ಊರು, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಏಣಿನ ಆಚೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ. ಈಚೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ನಾವು ಈಚೆಯವರು. ನಮ್ಮ ರಾಜಕಾಲುವೆಗಳೆಲ್ಲ ಪಡುವಣಕ್ಕೂ ತೆಂಕಣಕ್ಕೂ ಇಳಿಯುತ್ತವೆ, ಸೈಕಲ್ಲೂ ಹಾಗೆಯೇ. ಹಾಗೆಂದು ವೃಷಭಾವತಿಯ ದಂಡೆಯನ್ನೇ ಹಿಡಿದು ಹೊರಟೀರಿ ಜೋಕೆ. ಗಾಳಿ ಆಂಜನೇಯನ ಗುಡಿಯಿಂದ ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಕಡೆಯ ಬೈರಮಂಗಲ ಕೆರೆಯವರೆಗೆ ಆ ನದಿ ಊರಿನ ಕೊಳಕನ್ನೇ ಹೊತ್ತು ನೊರೆಗಟ್ಟಿ ಹರಿಯುತ್ತದೆ. ಮೂಗಿದ್ದವರ ದಾರಿಯಲ್ಲ ಅದು. ಪಕ್ಕದ ಕಣಿವೆಗೆ ದಾಟಿಕೊಳ್ಳಬೇಕು. ಅಲ್ಲಿ ಅರ್ಕಾವತಿ ಇದ್ದಾಳೆ.

ದಾಟಿಕೊಳ್ಳಲು ಎರಡು ಬಾಗಿಲು. ವಿಜಯನಗರ, ರಾಜಾಜಿನಗರದವರಿಗೆ ಮಾಗಡಿ ರಸ್ತೆ: ಸುಂಕದಕಟ್ಟೆ, ತಾವರೆಕೆರೆ. ಕೆಂಗೇರಿಯವರಿಗೆ ಮೈಸೂರು ರಸ್ತೆಯ ಕುಂಬಳಗೋಡಿನಿಂದ ಬಲಕ್ಕೆ ತಿರುಗಿ ರಾಮೋಹಳ್ಳಿ, ದೊಡ್ಡ ಆಲದ ಮರ. 118 ಕಿಲೋಮೀಟರಿನ ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ, 2023ರ ಆಗಸ್ಟ್ 1ರಿಂದ, ಬೈಕು, ಆಟೊ, ಸೈಕಲ್ಲುಗಳಿಗೆ ಅದರ ಮುಖ್ಯ ಪಥದಲ್ಲಿ ಜಾಗವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಕೆಲವರು ಗೊಣಗಿದರು. ಗ್ರಾವೆಲ್ ಮಂದಿಗೆ ಅದರಿಂದ ಆದ ನಷ್ಟವೇನೂ ನನಗೆ ಕಾಣಲಿಲ್ಲ. ದೊಡ್ಡ ಆಲದ ಮರದಲ್ಲಿ ನಿಲ್ಲಲೇಬೇಕೆಂದೂ ಇಲ್ಲ. ಮೂರು ಎಕರೆಯಷ್ಟು ಹರಡಿದ ಮರ ನಿಜ, ಆದರೆ ಎಂಟರ ಮೇಲೆ ಅಲ್ಲಿ ಕೋತಿಗಳದ್ದೂ ಸೌತೆಕಾಯಿ ಗಾಡಿಗಳದ್ದೂ ಸಂತೆ.

ಅಲ್ಲಿಂದ ಮುಂದೆ ಮಂಚನಬೆಲೆ ಕಡೆಗೆ ತಿರುಗಿದ ಮೇಲೆ ನೆಲದ ಗುಣವೇ ಬೇರೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಬಂದದ್ದು. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಕರೆಯುವುದು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಕನಕಪುರ, ರಾಮನಗರದ ಕಡೆಯಿಂದ ಉತ್ತರಕ್ಕೆ ಬಳ್ಳಾರಿಯ ಬಯಲಿನವರೆಗೂ ಪಟ್ಟಿಯಾಗಿ ಹಬ್ಬಿದೆ. ಈ ಕಲ್ಲು ಸವೆದಾಗ ಜಿಗುಟು ಮಣ್ಣಿಗಿಂತ ಹೆಚ್ಚಾಗಿ ದಪ್ಪ ಮರಳಿನಂಥ ನೊರಜು ಉದುರುತ್ತದೆ. ನೀರು ಅದರಲ್ಲಿ ನಿಲ್ಲುವುದಿಲ್ಲ. ಎರಡು ದಿನ ಮಳೆ ಬಿಟ್ಟರೆ ಸಾಕು, ದಾರಿ ಗಟ್ಟಿಯಾಗಿ, ಟೈರಿನ ಕೆಳಗೆ ಸರಸರ ಸದ್ದು ಮಾಡುತ್ತದೆ. ಆ ಸದ್ದಿಗಾಗಿಯೇ ಗ್ರಾವೆಲ್ ತುಳಿಯುವವರಿದ್ದಾರೆ, ನಾನೂ ಆ ಜಾತಿಯವನೇ. ಅಮೆರಿಕದ ಕಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ, ಈಗ ಅನ್‌ಬೌಂಡ್ ಎಂದು ಕರೆಸಿಕೊಳ್ಳುವ 200 ಮೈಲಿಗಳ ರೇಸು ಈ ಆಟದ ಜಾತ್ರೆ. ಅಲ್ಲಿನ ಚಕಮಕಿ ಕಲ್ಲು ಟೈರಿನ ಪಕ್ಕೆ ಸೀಳಿಬಿಡುತ್ತದೆ. ನಮ್ಮ ನೊರಜಿಗೆ ಆ ಕ್ರೌರ್ಯವಿಲ್ಲ. ಕ್ರಷರಿನಿಂದ ಬಂದ ಹೊಸ ಜಲ್ಲಿ ಹಾಸಿದ ಕಡೆ ಮಾತ್ರ ಚೂಪು, ಅಲ್ಲಿ ನಿಧಾನ.

ತಾವರೆಕೆರೆಯ ಆಚೆ, ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಿದೆ. 1933ರಲ್ಲಿ ಕಟ್ಟಿ ಮುಗಿಸಿದ ಅದರ ಇನ್ನೊಂದು ಹೆಸರು ಚಾಮರಾಜಸಾಗರ. ಕಾವೇರಿ ನೀರು ಬರುವ ಮುಂಚೆ ನಮ್ಮ ಅಜ್ಜಂದಿರ ಹಂಡೆ ತುಂಬಿದ್ದು ಅದರಿಂದ, ಅದಕ್ಕೂ ಮುಂಚೆ ಹೆಸರಘಟ್ಟದಿಂದ. ಕೆಳಗೆ ಅದೇ ಹೊಳೆಗೆ ಮಂಚನಬೆಲೆ ಅಣೆಕಟ್ಟು. ಇವೆರಡರ ನಡುವಿನ ಹಳ್ಳಿಗಳನ್ನು ಪೋಣಿಸುವ ಗಾಡಿ ಜಾಡುಗಳು ನನ್ನ ಲೆಕ್ಕದಲ್ಲಿ ಬೆಂಗಳೂರಿಗೆ ಅರ್ಧ ದಿನದ ದೂರದಲ್ಲಿರುವ ಶ್ರೇಷ್ಠ ದಾರಿಗಳು. ಒಂದು ಕಡೆ ಹಿಪ್ಪುನೇರಳೆ ತೋಟ, ಇನ್ನೊಂದು ಕಡೆ ಬೆತ್ತಲೆ ಬಂಡೆ, ಮಧ್ಯೆ ಹಾಸುಬಂಡೆಯ ಮೇಲೇ ನಾಲ್ಕಾರು ಮಾರು ಸವಾರಿ. ಒಣಗಿದ ಹಾಸುಬಂಡೆ ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ. ನೀರು ಹರಿದು ಕಪ್ಪಾದ ಪಟ್ಟೆ ಕಂಡರೆ ಅದು ಪಾಚಿ, ಅಲ್ಲಿ ಬ್ರೇಕ್ ಮುಟ್ಟಬೇಡಿ. ಹಿನ್ನೀರು ಎಷ್ಟೇ ಕರೆದರೂ ಈಜಲು ಇಳಿಯಬೇಡಿ. ಮಂಚನಬೆಲೆಯಲ್ಲಿ ಮುಳುಗಿದವರ ಸುದ್ದಿ ಇದೇ ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿದ್ದೀರಿ.

ಅಣೆಕಟ್ಟಿನಿಂದ ಸಾವನದುರ್ಗದ ಕಡೆಗೆ ಏರು. 1226 ಮೀಟರಿನ ಆ ಬಂಡೆಗೆ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಮಾಗಡಿ ಕೆಂಪೇಗೌಡರ ವಂಶದವರ ಕೋಟೆ ಅಲ್ಲಿತ್ತು. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಪಡೆಯಿಂದ ಅದನ್ನು ಕಾರ್ನ್‌ವಾಲಿಸ್ ಕಸಿದುಕೊಂಡ. ಬುಡದ ಕಾಡು ಕುರುಚಲು: ದಿಂಡಿಗ, ಬಿದಿರು, ಕಾರೆ ಪೊದೆ. ಪುಣ್ಯವಿದ್ದರೆ ಹಳದಿಗೊರಳ ಪಿಕಳಾರ ಕಂಡೀತು. ಜಗತ್ತಿನಲ್ಲಿ ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳಲ್ಲಿ ಮಾತ್ರ ಇರುವ ಹಕ್ಕಿ. ಕಾಡಿನೊಳಗಿನ ಕಾಲುದಾರಿಗಳು ಅರಣ್ಯ ಇಲಾಖೆಯವು, ನಮ್ಮವಲ್ಲ. ಊರಿಂದ ಊರಿಗೆ ಹೋಗುವ ದಾರಿಯನ್ನಷ್ಟೇ ತುಳಿಯಿರಿ. ಇದು ಬರೀ ಕಾನೂನಿನ ಮಾತಲ್ಲ. ಚಿರತೆ, ಕರಡಿ ಇಲ್ಲಿ ಇವೆ, ಬನ್ನೇರುಘಟ್ಟದ ಕಡೆಯಿಂದ ಆನೆಗಳೂ ಬಂದುಹೋಗುತ್ತವೆ. ಸದ್ದಿಲ್ಲದೆ ಬರುವ ಸೈಕಲ್ಲು ಕರಡಿಯನ್ನು ಬೆಚ್ಚಿಸಿದರೆ ತಪ್ಪು ಕರಡಿಯದ್ದಲ್ಲ. ಹಾಲಿನ ಡೇರಿಯ ಮುಂದೆ ನಿಂತವರನ್ನು ಕೇಳಿ, ಎಲ್ಲ ಸುದ್ದಿ ಸಿಗುತ್ತದೆ. ಅವರು ಮೊದಲು ಕೇಳುವುದು, “ಯಾಕ್ ಸ್ವಾಮಿ, ಒಳ್ಳೆ ರೋಡ್ ಬಿಟ್ಟು ಈ ಕಡೆ ಬಂದ್ರಿ?” ಉತ್ತರ ಹೇಳುವುದು ಕಷ್ಟ. ಇದೇ ಜಾಡಿನಲ್ಲಿ ಅಟ್ಲಾಸ್ ಸೈಕಲ್ಲಿಗೆ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದ ತಲೆಮಾರು ಅವರದ್ದು. ಡಾಂಬರು ಬರಲೆಂದು ಕಾದವರು.

ತುರಹಳ್ಳಿ ಕಾಡು ಕೆಂಗೇರಿಗೆ ಹತ್ತಿರವಲ್ಲವೇ ಎಂದು ಕೇಳುವವರುಂಟು. ಹತ್ತಿರವೇ. ಆದರೆ ಅದು ಮೌಂಟನ್ ಬೈಕಿನ ನೆಲ, ಚಿಕ್ಕದು, 2021ರಲ್ಲಿ ಟ್ರೀ ಪಾರ್ಕ್ ಬೇಡವೆಂದು ಜನ ಬೀದಿಗಿಳಿದು ಉಳಿಸಿಕೊಂಡದ್ದು. ಅದನ್ನು ನಡೆಯುವವರಿಗೆ ಬಿಟ್ಟುಬಿಡೋಣ.

ಇನ್ನು ಗಾಳಿಯ ವಿಚಾರ. ಟೈರಿನ ಗಾಳಿ ಮೊದಲು. ಡಾಂಬರಿನ ರೂಢಿಯಲ್ಲಿ ಕಲ್ಲಿನಂತಾಗುವವರೆಗೆ ತುಂಬಿಸಿಕೊಂಡು ಬಂದವರು ನೊರಜಿನ ಮೇಲೆ ಪುಟಿಯುತ್ತಾರೆ, ಹಿಂದಿನ ಗಾಲಿ ಜಾರುತ್ತದೆ, ಮಧ್ಯಾಹ್ನಕ್ಕೆ ಅಂಗೈ ಜೋಮು. 40 ಮಿಲಿಮೀಟರಿನ ಟ್ಯೂಬ್‌ಲೆಸ್ ಟೈರು, 70 ಕೆ.ಜಿ. ತೂಕದ ಸವಾರ: 35 ಪಿಎಸ್‌ಐ ಆಸುಪಾಸು ಸಾಕು, ಮುಂದಿನದಕ್ಕೆ ಒಂದೆರಡು ಕಮ್ಮಿ. ಒಳಗೆ ಟ್ಯೂಬ್ ಇದ್ದರೆ ಸ್ವಲ್ಪ ಜಾಸ್ತಿ, ಇಲ್ಲವಾದರೆ ಕಲ್ಲಿನ ಏಟಿಗೆ ರಿಮ್ಮಿನ ಅಂಚು ಟ್ಯೂಬನ್ನು ಕಚ್ಚುತ್ತದೆ. ಲಕ್ಷ ಕೊಟ್ಟು ಹೊಸ ಬೈಕ್ ಕೊಳ್ಳುವ ಮುಂಚೆ ಮನೆಯಲ್ಲಿರುವ ಹೈಬ್ರಿಡ್ ಸೈಕಲ್ಲಿಗೆ ಹಿಡಿಸುವಷ್ಟು ದಪ್ಪದ ಟೈರು ಹಾಕಿ ನೋಡಿ ಎನ್ನುವುದು ನನ್ನ ಹಳೆಯ ಪಾಠ. ಅಂಗಡಿಯವರಿಗೆ ಹಿಡಿಸದ ಪಾಠ. ಗಾಳಿ ಹೊಡೆಯುವ ಪಂಪು ನಿಮ್ಮದೇ ಇರಲಿ, ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಕಲ್ಲಿಗಿಂತ ದೊಡ್ಡ ಶತ್ರು ನೆಗ್ಗಿಲ ಮುಳ್ಳು. ದಾರಿಯ ಅಂಚಿನಲ್ಲಿ ಹಳದಿ ಹೂವಿನ ಬಳ್ಳಿ ಹರಡಿದ್ದರೆ ನಡುವೆಯೇ ಸಾಗಿ, ನಿಲ್ಲಿಸುವಾಗಲೂ ಅಂಚಿಗೆ ತಳ್ಳಬೇಡಿ.

ಆಕಾಶದ ಗಾಳಿ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬೀಸುತ್ತದೆ. ಹೋಗುವಾಗ ಎದುರು, ಆದರೆ ಇಳಿಜಾರು. ಬರುವಾಗ ಏರು, ಆದರೆ ಬೆನ್ನಿಗೆ ಗಾಳಿ. ಲೆಕ್ಕ ಸರಿಹೋಗುತ್ತದೆ. ಎಲ್ಲರೂ ಹೊಗಳುವ ನವೆಂಬರ್–ಜನವರಿಯಲ್ಲಿ ಮೂಡಣ ಗಾಳಿ. ಹೋಗುವಾಗ ಇಳಿಜಾರೂ ನಿಮ್ಮದು, ಗಾಳಿಯೂ ನಿಮ್ಮದು, ನಾನೇ ಹುಲಿ ಅನ್ನಿಸುತ್ತದೆ. ತಿರುಗಿದ ಮೇಲೆ ಏರೂ ಎದುರುಗಾಳಿಯೂ ಒಟ್ಟಿಗೇ ಬರುತ್ತವೆ. ಅದಕ್ಕೇ ಚಳಿಗಾಲದಲ್ಲಿ ಮಂಚನಬೆಲೆಯಲ್ಲೇ ಅರ್ಧದಷ್ಟು ಶಕ್ತಿ ಉಳಿದಿರಬೇಕು. ಉಳಿದಿಲ್ಲವೇ, ದಕ್ಷಿಣಕ್ಕೆ ಬಿಡದಿ ಹಿಡಿಯಿರಿ; ತಟ್ಟೆ ಇಡ್ಲಿಯೂ ಉಂಟು, ರೈಲೂ ಉಂಟು. ಅದೇ ತಿಂಗಳುಗಳಲ್ಲಿ ಇನ್ನೊಂದು ಎಚ್ಚರ: ರೈತರು ರಾಗಿ, ಹುರುಳಿಯ ಒಕ್ಕಣೆಗೆ ತೆನೆಯನ್ನು ಡಾಂಬರಿನ ಮೇಲೇ ಹರಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ. ಇಳಿದು, ಬದಿಯಲ್ಲಿ ತಳ್ಳಿಕೊಂಡು ಹೋಗಿ. ಮಾಗಡಿಯ ಸೊಗಡವರೆ ಕೊಳ್ಳಲೂ ಅದೇ ಹೊತ್ತು.

ವಾಪಸು ಬರುವಾಗ ನನಗಿಷ್ಟದ ತುಂಡು, ನಾಚಿಕೆಯಿಂದ ಹೇಳಬೇಕು, ಕಾಡಿನದ್ದೂ ಅಲ್ಲ, ನದಿಯದ್ದೂ ಅಲ್ಲ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಬಿಡಿಎ ಮಾಡುತ್ತಿರುವ ನಾಡಪ್ರಭು ಕೆಂಪೇಗೌಡ ಬಡಾವಣೆ. ಬಿಡಿಎ ಗೆರೆ ಎಳೆದಿದೆ, ಚರಂಡಿ ತೋಡಿದೆ, ಹಲವು ಅಡ್ಡರಸ್ತೆಗಳಲ್ಲಿ ಜಲ್ಲಿ ಹಾಕಿ ಸುಮ್ಮನಾಗಿದೆ. ಅಗಲ, ಗಟ್ಟಿ, ಗಾಡಿಗಳ ಕಾಟವಿಲ್ಲ. ಸೈಟಿಗೆ ದುಡ್ಡು ಕಟ್ಟಿದ ಬಸವೇಶ್ವರನಗರದ ಸ್ನೇಹಿತರೊಬ್ಬರು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ, “ಏನ್ರೀ, ಡಾಂಬರು ಬಂತಾ?” ಇನ್ನೂ ಇಲ್ಲ ಎಂದು ಹೇಳುವಾಗ ಮುಖ ಸಪ್ಪಗೆ ಮಾಡಿಕೊಳ್ಳಲು ನಾನು ಪಡುವ ಪಾಡು ಅವರಿಗೆ ಗೊತ್ತಾಗಿರಲಾರದು.