ದಂಡದ ಕೋನವೂ ಎಲುಬಿನ ಕೋನವೂ: ಭುಜಕೀಲಿನ ಶಸ್ತ್ರಕ್ರಿಯೆಯಲ್ಲಿ ಒಂದು ವಿವೇಚನೆ

ಭುಜದ ಕೀಲು ಸವೆದೋ ಮುರಿದೋ ನಿರುಪಯುಕ್ತವಾದಾಗ ತೋಳೆಲುಬಿನ ಶಿರವನ್ನು ಕತ್ತರಿಸಿ ತೆಗೆದು, ಅದರ ಸ್ಥಾನದಲ್ಲಿ ಲೋಹದ ಗೋಳವನ್ನು ಕೂಡಿಸುವುದು ಈಗ ರೂಢಿಯಲ್ಲಿರುವ ಶಸ್ತ್ರಕ್ರಿಯೆ. ಈ ಗೋಳವನ್ನು ಹೊತ್ತು ಎಲುಬಿನ ಮಜ್ಜಾನಾಳದೊಳಕ್ಕೆ ಇಳಿಯುವ ಭಾಗವೇ ‘ಸ್ಟೆಮ್’, ಎಂದರೆ ದಂಡ. ಇದರ ಉದ್ದ, ಆಕಾರ, ಕೋನಗಳನ್ನು ಕುರಿತು ಹೇರಳವಾದ ಸಾಹಿತ್ಯ ಬೆಳೆದಿದೆ. ಅದರಲ್ಲಿ ಪದೇ ಪದೇ ಕಾಣುವ ಒಂದು ದೋಷವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ದೋಷವಿಷ್ಟೆ: ತಯಾರಕನು ದಂಡಕ್ಕೆ ಕೊಟ್ಟ ಕೋನವನ್ನೇ ರೋಗಿಯ ತೋಳಿನಲ್ಲಿ ದೊರೆತ ಕೋನವೆಂದು ಭಾವಿಸುವುದು.

ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1955ರಲ್ಲಿ ವಿವರಿಸಿದ ಕೃತಕ ಶಿರದಲ್ಲಿ ಗೋಳವೂ ದಂಡವೂ ಬಿಡಿಸಲಾಗದಂತೆ ಒಂದಾಗಿದ್ದುವು. ಮುಂದೆ ಇವೆರಡನ್ನೂ ಬೇರ್ಪಡಿಸಿ, ಗೋಳದ ಅಳತೆಯನ್ನು ಆಯ್ದುಕೊಳ್ಳುವ ಅವಕಾಶವಾಯಿತು. ಆದರೆ ಕೋನದ ವಿಷಯದಲ್ಲಿ ಒಂದೇ ಅಚ್ಚು ಎಲ್ಲರಿಗೂ ಒಪ್ಪುವುದೆಂಬ ನಂಬಿಕೆ ಬಹುಕಾಲ ಉಳಿಯಿತು. ಅದನ್ನು ಅಲುಗಿಸಿದ್ದು ಫ್ರಾನ್ಸಿನ ಬ್ವಾಲೊ ಮತ್ತು ವಾಲ್ಶ್ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಅಳೆದ 65 ತೋಳೆಲುಬುಗಳಲ್ಲಿ ಶಿರದ ಓರೆ ಸರಾಸರಿ ಸುಮಾರು 130 ಡಿಗ್ರಿ. ಅದು 123ರಿಂದ 136ರವರೆಗೆ ವ್ಯತ್ಯಾಸವಾಗುತ್ತಿತ್ತು. ಶಿರವು ಹಿಂದಕ್ಕೆ ತಿರುಗಿರುವ ಪ್ರಮಾಣದ ಸರಾಸರಿ 18 ಡಿಗ್ರಿ. ಕೆಲವು ಎಲುಬುಗಳಲ್ಲಿ ಅದು ಮುಂದಕ್ಕೇ ತಿರುಗಿದ್ದರೆ, ಕೆಲವುಗಳಲ್ಲಿ 47 ಡಿಗ್ರಿಯನ್ನು ಮೀರಿತ್ತು. ಶಿರದ ಕೇಂದ್ರವು ನಾಳದ ಅಕ್ಷದ ಮೇಲಿರದೆ ಸುಮಾರು 7 ಮಿಲಿಮೀಟರ್ ಒಳಕ್ಕೆ ಸರಿದಿರುವುದೂ ಗೊತ್ತಾಯಿತು. ಸರಾಸರಿಯೆಂಬುದು ಯಾವ ರೋಗಿಯ ಹೆಸರೂ ಅಲ್ಲ ಎಂಬುದೇ ಇದರಿಂದ ಕಲಿಯಬೇಕಾದ ಪಾಠ.

ಉದ್ದವಾದ ದಂಡಕ್ಕೆ ಒಂದು ಗುಣವಿದೆ. ಅದು ನಾಳದ ಗೋಡೆಗಳನ್ನು ಮುಟ್ಟುತ್ತ ಇಳಿಯುವುದರಿಂದ ಎಲುಬಿನ ಅಕ್ಷಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಅವಗುಣವೂ ಉಂಟು: ಭಾರವನ್ನು ಕೆಳಕ್ಕೆ ಸಾಗಿಸಿ ಮೇಲಿನ ಎಲುಬನ್ನು ಸೊರಗಿಸುತ್ತದೆ, ಮರುಶಸ್ತ್ರಕ್ರಿಯೆಯಲ್ಲಿ ಅದನ್ನು ಕೀಳುವಾಗ ಎಲುಬು ಸೀಳುವ ಭಯವಿರುತ್ತದೆ. ಇದನ್ನು ತಪ್ಪಿಸಲು ದಂಡವನ್ನು ಮೊಟಕುಗೊಳಿಸಲಾಯಿತು. ಹೀಗೆ ಎಲುಬು ಉಳಿಯಿತು, ಆದರೆ ದಾರಿ ತೋರುತ್ತಿದ್ದ ಗೋಡೆಯ ಆಸರೆ ತಪ್ಪಿತು. ಮೊಟಕಾದ ದಂಡವು ಮೇಲ್ಭಾಗದ ಮೃದುವಾದ ಎಲುಬಿನಲ್ಲಿ ಒಳಕ್ಕೋ ಹೊರಕ್ಕೋ ಓರೆಯಾಗಿ ನಿಲ್ಲಬಲ್ಲುದು. 135 ಡಿಗ್ರಿಯ ದಂಡವು 10 ಡಿಗ್ರಿ ಒಳಬಾಗಿ ಕುಳಿತರೆ ರೋಗಿಗೆ ದೊರೆಯುವುದು 125 ಡಿಗ್ರಿಯ ಕೀಲು. ದಂಡವನ್ನೇ ತೊರೆದ ಕೀಲುಗಳಲ್ಲಂತೂ ಸಮಸ್ತ ಹೊಣೆಯೂ ಗರಗಸ ಹಿಡಿದ ಕೈಯದು.

ಪಾಲ್ ಗ್ರಾಮೋಂ 1985ರಲ್ಲಿ ದಿಜೋಂ ನಗರದಲ್ಲಿ ರೂಪಿಸಿದ ವಿಪರ್ಯಸ್ತ ಕೀಲಿನಲ್ಲಿ ಈ ಮಾತು ಇನ್ನೂ ಸ್ಪಷ್ಟ. ಅಲ್ಲಿ ಗೋಳವು ಹೆಗಲೆಲುಬಿನ ಮೇಲೆ, ಬಟ್ಟಲು ತೋಳೆಲುಬಿನ ಮೇಲೆ. ಗ್ರಾಮೋಂ ಮಾದರಿಯ 155 ಡಿಗ್ರಿಯಲ್ಲಿ ಬಟ್ಟಲಿನ ಅಂಚು ಹೆಗಲೆಲುಬನ್ನು ಉಜ್ಜಿ ಕಚ್ಚು ಬೀಳಿಸುವುದೆಂದು 145, 135 ಡಿಗ್ರಿಗಳ ಮಾದರಿಗಳು ಹುಟ್ಟಿದುವು. ಆದರೆ 145ರ ದಂಡವು 10 ಡಿಗ್ರಿ ಹೊರಬಾಗಿ ನಿಂತರೆ ಅದು ಪುನಃ 155ರ ಕೀಲೇ ಆಯಿತಲ್ಲವೆ? ಹಾಗಿರುವಾಗ ಹೆಸರಿನ ಕೋನಗಳನ್ನಿಟ್ಟುಕೊಂಡು ಮಾದರಿಗಳ ತಾರತಮ್ಯ ನಿರ್ಣಯಿಸುವುದು ವಸ್ತುಗಳ ಹೋಲಿಕೆಯಲ್ಲ, ನಾಮಧೇಯಗಳ ಹೋಲಿಕೆ.

ಅಲ್ಪಸ್ವಲ್ಪ ಓರೆಯನ್ನು ದೇಹ ಸಹಿಸಿಕೊಳ್ಳುತ್ತದೆ, ಇಷ್ಟು ಸೂಕ್ಷ್ಮವೇಕೆ ಎಂಬ ಆಕ್ಷೇಪಣೆ ಬರಬಹುದು. ಸಹಿಸಿಕೊಳ್ಳುವುದು ನಿಜವೇ. ಆದರೆ ಎಷ್ಟನ್ನು, ಯಾವ ಕೀಲಿನಲ್ಲಿ ಸಹಿಸುತ್ತದೆಂದು ತಿಳಿಯಬೇಕಾದರೂ ಅಳೆಯಲೇಬೇಕು. ಅಂಗರಚನೆಯನ್ನು ಅನುಸರಿಸುವ ಕೀಲಿನಲ್ಲಿ ಗೋಳವು ಎತ್ತರವಾಗಿ ಕುಳಿತರೆ ಅದನ್ನು ಸುತ್ತುವರಿದ ಸ್ನಾಯುರಜ್ಜುಗಳು ಬಿಗಿದು, ಕ್ರಮೇಣ ಹರಿಯಬಹುದು. ತಲೆ ಬಾಚಲು ಕೈಯೆತ್ತಲಾಗದ ರೋಗಿಗೆ ನಮ್ಮ ಸರಾಸರಿಗಳು ಸಮಾಧಾನ ಕೊಡಲಾರವು.

ಅಳತೆಯಲ್ಲಿಯೂ ಎಚ್ಚರ ಬೇಕು. ತೋಳು ತಿರುಗಿರುವಾಗ ತೆಗೆದ ಒಂದೇ ಕ್ಷಕಿರಣ ಚಿತ್ರದಲ್ಲಿ ಕೋನವು ಇದ್ದಂತೆ ಕಾಣುವುದಿಲ್ಲ. ಮೊಟಕು ದಂಡದ ಓರೆಯನ್ನು ಅಳೆಯಲು ಎಲುಬಿನ ಸಾಕಷ್ಟು ಉದ್ದವೂ ಚಿತ್ರದಲ್ಲಿರಬೇಕು. ಆದುದರಿಂದ ದಂಡದ ಮಾದರಿಯನ್ನು ಹೊಗಳುವ ಅಥವಾ ತೆಗಳುವ ಪ್ರತಿಯೊಂದು ವರದಿಯೂ ತಯಾರಕನ ಕೋನದ ಪಕ್ಕದಲ್ಲಿ ದೊರೆತ ಕೋನವನ್ನೂ, ಅದನ್ನು ಅಳೆದ ಕ್ರಮವನ್ನೂ ನಮೂದಿಸುವುದು ಅವಶ್ಯ. ಅಲ್ಲಿಯವರೆಗೆ ಯಾವ ದಂಡ ಮೇಲೆಂಬ ವಾದವು ನಿರ್ಣಯಕ್ಕೆ ಬರಲಾರದು.